ಸಿಗಡಿ ಕೊಳದ ನೀರು ಕೆಟ್ಟರೆ ನಮ್ಮ ಔಷಧಿಗೇನಾಗುತ್ತದೆ?

ಹೈದರಾಬಾದಿನಲ್ಲಿ ರೊಯ್ಯಲು, ಚೆನ್ನೈನಲ್ಲಿ ಇರಾಲ್, ಮುಂಬೈನಲ್ಲಿ ಕೋಳಂಬಿ. ಹೆಸರು ಯಾವುದಾದರೂ, ನೀವು ಕೊಳ್ಳುವ ಸಿಗಡಿ ಸಮುದ್ರದ್ದಲ್ಲದೆ ಕೊಳದಲ್ಲಿ ಸಾಕಿದ್ದೂ ಆಗಿರಬಹುದು. ದೇಶದಲ್ಲಿ ಅತಿ ಹೆಚ್ಚು ಸಿಗಡಿ ಸಾಕುವುದು ಆಂಧ್ರಪ್ರದೇಶ. 2023-24ರಲ್ಲಿ ಭಾರತ 7.16 ಲಕ್ಷ ಟನ್ ಶೀತಲೀಕರಿಸಿದ ಸಿಗಡಿ ರಫ್ತು ಮಾಡಿತು. ಅದರಲ್ಲಿ ಸುಮಾರು 3 ಲಕ್ಷ ಟನ್ ಹೋದದ್ದು ಅಮೆರಿಕಕ್ಕೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸುಂಕವನ್ನು ಶೇ 50ಕ್ಕೆ ಏರಿಸಿದಾಗ, ದೇಶದೊಳಗೇ ಹೆಚ್ಚು ಮಾರಬೇಕೆಂಬ ಮಾತು ಜೋರಾಯಿತು. ಹಾಗಾದರೆ ಹೊರದೇಶಕ್ಕೆ ಹೋಗುವ ಸಿಗಡಿಗೆ ನಡೆಯುವ ಪರೀಕ್ಷೆ ನಮ್ಮ ತಟ್ಟೆಗೆ ಬರುವುದಕ್ಕೂ ನಡೆಯುತ್ತದೆಯೇ?

ಕೊಳದಲ್ಲಿ ಆಗುವುದೇನು?

ಈಗ ಸಾಕುವುದು ಬಹುಪಾಲು ವನ್ನಾಮಿ ತಳಿ. ಇದರ ಮೂಲ ಅಮೆರಿಕ ಖಂಡದ ಪೆಸಿಫಿಕ್ ಕರಾವಳಿ. ಭಾರತದಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು. ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಬೆಳೆಸುವುದರಿಂದ ತಿನ್ನದೆ ಉಳಿದ ಮೇವು ಮತ್ತು ಮಲ ತಳದಲ್ಲಿ ಕೊಳೆಯುತ್ತವೆ, ಅಮೋನಿಯಾ ಹೆಚ್ಚುತ್ತದೆ, ರೋಗ ಬೇಗ ಹರಡುತ್ತದೆ. ಆಗ ಕೆಲವರು ಆ್ಯಂಟಿಬಯೋಟಿಕ್ ಸುರಿಯುತ್ತಾರೆ. ಆದರೆ ಸಾಕಣೆದಾರರನ್ನು ಹೆಚ್ಚು ಕಾಡುವ ಬಿಳಿಚುಕ್ಕೆ ರೋಗಕ್ಕೆ ಕಾರಣ ವೈರಸ್. ಅದರ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದೇ ಇಲ್ಲ. ಸಿಗಡಿ ಉಳಿಯುವುದಿಲ್ಲ, ಆದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನೀರಿನಲ್ಲಿ ಉಳಿಯುತ್ತದೆ. ಕೊಳದ ನೀರನ್ನು ಕಾಲುವೆಗೆ ಬಿಟ್ಟಾಗ ಅದೂ ಹೊರಗೆ ಬರುತ್ತದೆ. ಮುಂದೊಂದು ದಿನ ರೋಗಿಯೊಬ್ಬರಿಗೆ ಸೋಂಕಾದಾಗ ಮಾಮೂಲಿ ಔಷಧ ನಾಟದೆ ಹೋಗಲು ಇಂಥವೂ ಕಾರಣವಾಗುತ್ತವೆ.

ಇನ್ನೊಂದು ತೊಂದರೆ ಉಪ್ಪಿನದು. ಕೊಳದ ಉಪ್ಪುನೀರು ಇಂಗಿ ಅಕ್ಕಪಕ್ಕದ ಬಾವಿ, ಗದ್ದೆಗಳಿಗೆ ಸೇರಬಹುದು. ಬಾಂಗ್ಲಾದೇಶದ ಕರಾವಳಿಯಲ್ಲಿ ನಡೆದ ಅಧ್ಯಯನಗಳು ಉಪ್ಪು ಹೆಚ್ಚಿರುವ ಕುಡಿಯುವ ನೀರಿಗೂ ಗರ್ಭಿಣಿಯರ ರಕ್ತದೊತ್ತಡಕ್ಕೂ ನಂಟು ಕಂಡಿವೆ. ಅಲ್ಲಿ ನೀರು ಉಪ್ಪಾಗಲು ಸಿಗಡಿ ಸಾಕಣೆ ಒಂದು ಕಾರಣ, ಸಮುದ್ರ ಏರುತ್ತಿರುವುದು ಮತ್ತೊಂದು.

ಕಾನೂನು ಏನು ಹೇಳುತ್ತದೆ?

1996ರಲ್ಲಿ ಸುಪ್ರೀಂ ಕೋರ್ಟ್ ಸಾಂಪ್ರದಾಯಿಕ ಪದ್ಧತಿಯವನ್ನು ಬಿಟ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೊಳಗಳನ್ನು ತೆರವುಗೊಳಿಸಲು ಆದೇಶಿಸಿತು. 2005ರ ಕಾಯ್ದೆ ಅವಕ್ಕೆ ನೋಂದಣಿಯ ದಾರಿ ತೆರೆಯಿತು. 2023ರ ತಿದ್ದುಪಡಿ ಎರಡೂ ಕಡೆ ನಡೆಯಿತು: ಒಂದೆಡೆ ಕರಾವಳಿ ವಲಯದ ನಿರ್ಬಂಧ ಸಡಿಲಿಸಿ ಜೈಲು ಶಿಕ್ಷೆ ತೆಗೆದುಹಾಕಿತು, ಇನ್ನೊಂದೆಡೆ ಹಾನಿಕರ ಆ್ಯಂಟಿಬಯೋಟಿಕ್ ಬಳಕೆಯನ್ನು ನಿಷೇಧಿಸಿತು.

ನಿಷೇಧ ಜಾರಿಯಾಗುವುದು ಪರೀಕ್ಷೆಯಿಂದ. ಯುರೋಪ್ ಒಕ್ಕೂಟ 2016ರಿಂದ ಭಾರತದ ಸಾಕಿದ ಸಿಗಡಿಯ ನೂರು ರವಾನೆಗಳಲ್ಲಿ ಐವತ್ತನ್ನು ಪರೀಕ್ಷಿಸುವಂತೆ ನಿಯಮ ಬಿಗಿ ಮಾಡಿತು. ಆ ಭಯವೇ ರಫ್ತುದಾರರನ್ನು ಎಚ್ಚರಿಸಿತು. ನಮ್ಮಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿಗಳನ್ನು ಹಾಕಿದೆ. ಆದರೆ ಊರ ಮಾರುಕಟ್ಟೆಗೆ ಬರುವ ಪ್ರತಿ ಲೋಡಿಗೂ ಪ್ರಯೋಗಾಲಯದ ವರದಿ ಕಡ್ಡಾಯವಲ್ಲ. ಸಿಗಡಿಯನ್ನು ದೇಶದಲ್ಲೇ ಮಾರುವುದಾದರೆ ಪರೀಕ್ಷೆಯೂ ಅದರ ಜೊತೆ ಬರಬೇಕು. ನಾವು ಕೇಳಬೇಕಾದದ್ದು ಅದನ್ನೇ.

ಹಾಗಾದರೆ ಸಿಗಡಿ ಬಿಡಬೇಕೇ?

ಬೇಡ. ಸಿಗಡಿಯಲ್ಲಿ ಒಳ್ಳೆಯ ಪ್ರೋಟೀನ್ ಇದೆ. ಆದರೆ ಇವನ್ನು ಗಮನಿಸಿ:

• ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಔಷಧದ ಶೇಷ ಹೋಗುತ್ತದೆಂಬ ಭರವಸೆ ಇಲ್ಲ, ತೊಳೆದರೂ ಅಷ್ಟೇ.

• ಯಕೃತ್ತಿನ ಕಾಯಿಲೆ ಇರುವವರು, ಕೀಮೋಥೆರಪಿ ಪಡೆಯುತ್ತಿರುವವರು ಹಸಿ ಅಥವಾ ಅರೆಬೆಂದ ಸಿಗಡಿಯನ್ನು ಮುಟ್ಟಲೇಬಾರದು.

• ಡಯಾಲಿಸಿಸ್‌ನಲ್ಲಿರುವವರು ಫ್ರೋಜನ್ ಪ್ಯಾಕೆಟ್ ಮೇಲೆ ‘ಫಾಸ್ಫೇಟ್’ ಇದೆಯೇ ಓದಿ. ನೀರಿನಂಶ ಹಿಡಿದಿಡಲು ಅದನ್ನು ಸೇರಿಸುವುದುಂಟು. ಎಷ್ಟು ತಿನ್ನಬಹುದೆಂದು ವೈದ್ಯರನ್ನು ಕೇಳಿ.

• ಸಿಗಡಿ ಅಲರ್ಜಿ ಇದ್ದರೆ ಬೇಯಿಸಿದ್ದೂ ಬೇಡ. ಶಾಖಕ್ಕೆ ಆ ಪ್ರೋಟೀನ್ ಕೆಡುವುದಿಲ್ಲ.

• ಕೊಳ್ಳುವಾಗ ಎಲ್ಲಿಯದು, ಸಾಕಿದ್ದೇ, ಪರೀಕ್ಷೆ ಆಗಿದೆಯೇ ಎಂದು ಕೇಳಿ. ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿರಬಹುದು. ಆದರೆ ಹತ್ತು ಗಿರಾಕಿಗಳು ಕೇಳಿದರೆ ಅವರು ಸಗಟು ವ್ಯಾಪಾರಿಯನ್ನು ಕೇಳುತ್ತಾರೆ.

ಇನ್ನು ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಕೊಳದಲ್ಲಿ ಆಗುತ್ತಿರುವ ತಪ್ಪೂ ಅದೇ.