ವ್ಯಾಟಿನ ಲೆಕ್ಕ

ಮನೆಗೆ ಸಂಗೀತ ಸಾಧನ ಕೊಳ್ಳುವವರು ಮೊದಲು ವಿಚಾರಿಸುವುದು ವ್ಯಾಟನ್ನೇ. ಸ್ಪೀಕರಿನ ಸಾಮರ್ಥ್ಯ 100 ವ್ಯಾಟ್ ಇದ್ದು, ಆಂಪ್ಲಿಫೈಯರ್ 20 ವ್ಯಾಟಿನದಾದರೆ ಸ್ಪೀಕರಿಗೆ ಅಪಾಯವೇ ಇಲ್ಲವೆಂದು ಅನೇಕ ಬಂಧುಗಳು ನಂಬಿದ್ದಾರೆ. ನಾವು ಇದನ್ನು ಒಪ್ಪಲಾರೆವು.

ಚಿಕ್ಕ ಆಂಪ್ಲಿಫೈಯರನ್ನು ಶಕ್ತಿ ಮೀರಿ ದುಡಿಸಿದಾಗ ಧ್ವನಿತರಂಗದ ಶಿಖರಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಮೂಲ ಗಾಯನದಲ್ಲಿಲ್ಲದ ತೀಕ್ಷ್ಣ ಸ್ವರಾಂಶಗಳು ಹುಟ್ಟಿ ಟ್ವೀಟರಿಗೆ ಹರಿಯುತ್ತವೆ. ಅದರೊಳಗಿನ ಅತಿ ತೆಳುವಾದ ತಂತಿಯ ಸುರುಳಿ ಕಾದು ಸುಟ್ಟುಹೋಗಬಹುದು. ಧ್ವನಿ ಕರ್ಕಶವಾದೊಡನೆ ವಾಲ್ಯೂಮ್ ತಗ್ಗಿಸುವುದು ಕ್ಷೇಮ.

ವ್ಯಾಟಿನಷ್ಟೇ ಮುಖ್ಯವಾದುದು ಸ್ಪೀಕರಿನ ಸಂವೇದನಶೀಲತೆ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದಾಗ ಒಂದು ಸ್ಪೀಕರು 87 ಡೆಸಿಬೆಲ್, ಮತ್ತೊಂದು 90 ಡೆಸಿಬೆಲ್ ನುಡಿದರೆ, ಅಷ್ಟೇ ಗಟ್ಟಿತನಕ್ಕೆ ಎರಡನೆಯದಕ್ಕೆ ಅರ್ಧ ಶಕ್ತಿ ಸಾಕು. 10 ಡೆಸಿಬೆಲ್ ಏರಿಸಲು ಹತ್ತು ಪಟ್ಟು ಶಕ್ತಿ ಬೇಕು. ತಂಬೂರಿಯ ಶ್ರುತಿಗೆ 1 ವ್ಯಾಟ್ ಸಾಕಾಗುವ ಕೋಣೆಯಲ್ಲಿಯೇ ತಬಲಾದ ಒಂದು ಪೆಟ್ಟು ಕ್ಷಣಮಾತ್ರ 10 ವ್ಯಾಟನ್ನೋ ಇನ್ನೂ ಹೆಚ್ಚನ್ನೋ ಬೇಡೀತು. ಆದುದರಿಂದ 50 ವ್ಯಾಟಿನ ಸ್ಪೀಕರಿಗೆ 50ರಿಂದ 75 ವ್ಯಾಟಿನ ಆಂಪ್ಲಿಫೈಯರನ್ನು ಜೋಡಿಸಿ ಹಿತಮಿತವಾಗಿ ಬಳಸುವುದು ಲೇಸೆಂದು ನಮ್ಮ ಅಭಿಪ್ರಾಯ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಸಾವಿರಾರು ವ್ಯಾಟಿನ 'ಪಿ.ಎಂ.ಪಿ.ಓ.' ಅಂಕಿಗೆ ಮರುಳಾಗಬಾರದು (ಅದು ಮಾರಾಟದ ಅಲಂಕಾರ). 'ಆರ್.ಎಂ.ಎಸ್.' ಅಂಕಿಯನ್ನು ಕೇಳಿ ತಿಳಿಯಬೇಕು.

ಇನ್ನು ಓಮ್. 4 ಓಮಿನ ಸ್ಪೀಕರು 8 ಓಮಿನದಕ್ಕಿಂತ ಹೆಚ್ಚು ವಿದ್ಯುತ್ತನ್ನು ಎಳೆದು ಆಂಪ್ಲಿಫೈಯರನ್ನು ಕಾಯಿಸುತ್ತದೆ. ಎಷ್ಟು ಓಮಿನವರೆಗೆ ತಾಳಬಲ್ಲದೆಂಬುದು ಸಾಮಾನ್ಯವಾಗಿ ಆಂಪ್ಲಿಫೈಯರಿನ ಬೆನ್ನಿನಲ್ಲಿಯೇ, ತಂತಿ ಸಿಕ್ಕಿಸುವ ಜಾಗದ ಬಳಿ ನಮೂದಾಗಿರುತ್ತದೆ.