ಕಾದಂಬರಿಗೆ ಕುಲವುಂಟೆ?

ಗ್ರಂಥಾಲಯಗಳಲ್ಲಿ ಕಾದಂಬರಿಗಳನ್ನು ಸಾಮಾಜಿಕ, ಐತಿಹಾಸಿಕ, ಪತ್ತೇದಾರಿ, ವೈಜ್ಞಾನಿಕ ಎಂದು ವಿಂಗಡಿಸಿಡುವ ಪದ್ಧತಿಯುಂಟು. ಬೇಕಾದ ಪುಸ್ತಕವನ್ನು ಹುಡುಕಿ ತೆಗೆಯಲು ಇದರಿಂದ ಅನುಕೂಲವೇ ಸರಿ. ಆದರೆ ಕಪಾಟಿಗೆ ಅಂಟಿಸಿದ ಈ ಚೀಟಿಗಳು ಕಾಲಕ್ರಮದಲ್ಲಿ ಓದುಗರ ಮನಸ್ಸಿಗೂ ಅಂಟಿಕೊಂಡುಬಿಟ್ಟಿವೆ. ಸಾಮಾಜಿಕ ಕಾದಂಬರಿಯನ್ನು ಓದುವವರು ಗಂಭೀರರು, ಪತ್ತೇದಾರಿಯನ್ನು ಓದುವವರು ಹೊತ್ತುಗಳೆಯುವವರು ಎಂಬ ಮೇಲುಕೀಳಿನ ಭಾವನೆ ನಮ್ಮಲ್ಲಿ ಬೇರೂರಿದೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ ಓದಿನ ರುಚಿ ಹತ್ತಿಸಿಕೊಂಡು, ಮುಂದೆ ಕಾರಂತ, ಕುವೆಂಪು ಅವರ ಬಳಿಗೆ ಬಂದವರು ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ. ಆ ಋಣವನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವವರು ಮಾತ್ರ ವಿರಳ. ನಾನು ವಿಮರ್ಶಕನಲ್ಲ, ಬರಿಯ ಓದುಗ. ಕಪಾಟಿನ ಭೇದವನ್ನೆಣಿಸದೆ ಓದಿದ ನಮ್ಮ ಕಾಲದ ಕೆಲವು ಕಾದಂಬರಿಗಳ ವಿಷಯದಲ್ಲಿ ನನಗೆ ತೋರಿದುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಇಂದಿನ ಕಾದಂಬರಿಕಾರರು ಬಹಳ ತಿಳಿದವರು. ಇದು ಅವರ ಬಲವೂ ಹೌದು, ಭಾರವೂ ಹೌದು. ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಕೃತಿಯಲ್ಲಿ ಲಿಸ್ಬನ್ ನಗರದ ತೇಜೋ ನದಿಯ ದಂಡೆಯಲ್ಲೊಂದು ಬದುಕು, ವಿಜಯನಗರದ ನಾಡಿನಲ್ಲಿ ತುಂಗಭದ್ರೆಯ ದಂಡೆಯಲ್ಲಿ ಇನ್ನೊಂದು. ಸಾಂಬಾರ ಪದಾರ್ಥಗಳ ಆಸೆಯಿಂದ ಹೊರಟ ಹಡಗುಗಳು ಇವೆರಡನ್ನೂ ಗಂಟುಹಾಕುತ್ತವೆ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಗೆದ್ದರೆಂಬುದು ನಾವು ಚರಿತ್ರೆಯ ಪಾಠದಲ್ಲಿ ಒಂದೇ ಸಾಲಿನಲ್ಲಿ ಕಲಿತ ವಿಷಯ. ಆ ಒಂದು ಸಾಲಿನ ಅಡಿಯಲ್ಲಿ ನಲುಗಿದವರು ಎಷ್ಟು ಜನ! ಮತದ ಕಾರಣದಿಂದ ಹಿಂಸೆಗೊಳಗಾದ ಯೆಹೂದಿಗಳು, ಬಡತನಕ್ಕಂಜಿ ಕಡಲಿಗಿಳಿದ ತರುಣರು, ಪದ್ಧತಿಯ ಹೆಸರಿನಲ್ಲಿ ಬೆಂಕಿಗೆ ನೂಕಲ್ಪಡುವ ಹೆಣ್ಣುಗಳು. ವಿಜಯನಗರವೆಂದರೆ ಬೀದಿಯಲ್ಲಿ ಮುತ್ತುರತ್ನಗಳನ್ನು ಅಳೆದು ಮಾರಿದ ವೈಭವವೆಂದಷ್ಟೇ ಕೇಳಿ ಬೆಳೆದ ನನಗೆ ಈ ಸಾಮಾನ್ಯರ ಪರಿಚಯದಿಂದ ಆ ವೈಭವವೇ ಬೇರೆಯಾಗಿ ಕಂಡಿತು. ಅಲ್ಲಲ್ಲಿ ಲೇಖಕರ ತಿಳಿವಳಿಕೆ ಪಾತ್ರಗಳ ಮುಂದೆ ಬಂದು ನಿಲ್ಲುತ್ತದೆಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ.

ಈ ಆಕ್ಷೇಪ ಕೆ.ಎನ್. ಗಣೇಶಯ್ಯನವರ ರೋಚಕ ಕಾದಂಬರಿಗಳಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಅವರು ಕೃಷಿವಿಜ್ಞಾನಿಗಳು, ‘ಕನಕ ಮುಸುಕು’, ‘ಕರಿಸಿರಿಯಾನ’ದಂತಹ ಕೃತಿಗಳಲ್ಲಿ ಶಿಲ್ಪ, ಶಾಸನ, ಸಸ್ಯ ಎಲ್ಲವೂ ಒಗಟುಗಳಾಗಿ ಎದುರಾಗುತ್ತವೆ. ಪಾತ್ರಗಳು ಒಮ್ಮೊಮ್ಮೆ ಮಾಹಿತಿಯ ಮೂಟೆ ಹೊತ್ತ ಹಮಾಲರಂತೆ ಕಾಣುವುದುಂಟು. ಆದರೆ ದೇವಾಲಯಕ್ಕೆ ಹೋದರೆ ತೀರ್ಥಪ್ರಸಾದ ಪಡೆದು ಮರಳುವುದೊಂದನ್ನೇ ಬಲ್ಲ ಹುಡುಗನೊಬ್ಬ ಈ ಪುಸ್ತಕಗಳನ್ನು ಓದಿದ ಮೇಲೆ ಗೋಡೆಯ ಶಿಲ್ಪದ ಮುಂದೆ ಅರ್ಧ ಗಂಟೆ ನಿಂತರೆ, ಅದು ಸಣ್ಣ ಕೆಲಸವೆ? ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಕುರಿತು ಇವರು ‘ಬಳ್ಳಿಕಾಳ ಬೆಳ್ಳಿ’ಯನ್ನೂ, ಗಜಾನನ ಶರ್ಮರು ‘ಚೆನ್ನಭೈರಾದೇವಿ’ಯನ್ನೂ ಬರೆದಿದ್ದಾರೆ. ಒಬ್ಬರಿಗೆ ಇತಿಹಾಸದ ಒಗಟನ್ನು ಬಿಡಿಸುವ ಉತ್ಸಾಹ, ಇನ್ನೊಬ್ಬರಿಗೆ ರಾಣಿಯ ಅಂತರಂಗವನ್ನು ಹೊಗುವ ಹಂಬಲ. ಎರಡನ್ನೂ ಓದಿದವನಿಗೆ ನಷ್ಟವೇನಿಲ್ಲ.

ಹೇಳದೆ ಉಳಿಸುವ ಕಲೆಯನ್ನು ಕಾಣಬೇಕಾದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಓದಬೇಕು. ಗಾತ್ರದಲ್ಲಿ ಕಿರಿದು. ಬೆಂಗಳೂರಿನ ಬಡ ಕುಟುಂಬವೊಂದು ಚಿಕ್ಕಪ್ಪನ ಮಸಾಲೆಪುಡಿಯ ವ್ಯಾಪಾರದಿಂದ ಏಕಾಏಕಿ ಸಿರಿವಂತವಾಗುತ್ತದೆ. ಹಳೆಯ ಮನೆಯಲ್ಲಿ ಇರುವೆಗಳನ್ನು ಹೊಸಕುತ್ತಿದ್ದ ಕೈಗಳು ಹೊಸ ಮನೆಯಲ್ಲಿ ಮತ್ತೇನನ್ನು ಹೊಸಕಬಲ್ಲವು ಎಂಬ ಭಯ ಮೆಲ್ಲಮೆಲ್ಲನೆ ಓದುಗನನ್ನು ಆವರಿಸುತ್ತದೆ. ಕೊಲೆಯೊಂದೂ ಕಣ್ಣೆದುರಿಗೆ ನಡೆಯುವುದಿಲ್ಲ. ಆದರೆ ನಾನು ಓದಿದ ಯಾವ ಪತ್ತೇದಾರಿ ಕಾದಂಬರಿಯೂ ನನ್ನನ್ನು ಇಷ್ಟು ನಡುಗಿಸಿಲ್ಲ. ಇದನ್ನು ಯಾವ ಕಪಾಟಿನಲ್ಲಿಡಬೇಕೆಂದು ಗ್ರಂಥಪಾಲಕರೇ ಹೇಳಬೇಕು. ನನ್ನನ್ನು ಕೇಳಿದರೆ, ಇಲ್ಲಿ ಹೆಸರಿಸಿದ ಹೊಸ ಕೃತಿಗಳಲ್ಲೆಲ್ಲ ರಚನೆಯ ದೃಷ್ಟಿಯಿಂದ ಇದೇ ಮೇಲು.

ನಾನು ವಾಸವಾಗಿರುವ ಮಂಡಕಳ್ಳಿ ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿದೆ. ಸಂಸ್ಥಾನದ ಕಾಲದಲ್ಲಿ, 1940ರಲ್ಲಿ, ಇಲ್ಲಿ ವಿಮಾನ ನಿಲ್ದಾಣವಾಯಿತು. ಬಹುಕಾಲದ ಬಳಿಕ 2010ರಲ್ಲಿ ಅದು ಹೊಸ ರೂಪದಲ್ಲಿ ತೆರೆಯಿತು. ಆದುದರಿಂದ ಮೈಸೂರಿನಲ್ಲಿಯೇ ಬಹುಕಾಲ ಬಾಳಿ 2025ರಲ್ಲಿ ನಿಧನರಾದ ಎಸ್.ಎಲ್. ಭೈರಪ್ಪನವರ ‘ಯಾನ’ (2014) ನನ್ನ ಕುತೂಹಲವನ್ನು ವಿಶೇಷವಾಗಿ ಕೆರಳಿಸಿತು. ಭೂಮಿಗೆ ಹಿಂದಿರುಗುವ ಮಾತೇ ಇಲ್ಲದ ಆಕಾಶನೌಕೆಯಲ್ಲಿ ಹುಟ್ಟಿ ಬೆಳೆಯುವ ಮಕ್ಕಳ ಕಥೆ ಅದು. ವಾದವಿವಾದಗಳು ಹೆಚ್ಚಾದುವೆಂದು ನನಗೆ ಅನ್ನಿಸಿದರೂ, ಮಣ್ಣನ್ನೇ ಮೆಟ್ಟದ ಮಗುವಿಗೆ ನೆಲವೆಂದರೇನೆಂದು ತಿಳಿಸುವ ಬಗೆ ಯಾವುದು ಎಂಬ ಪ್ರಶ್ನೆ ಪುಸ್ತಕ ಮುಚ್ಚಿದ ಮೇಲೂ ಉಳಿಯಿತು. ನಮ್ಮ ಕನ್ನಡ ನಕ್ಷತ್ರದವರೆಗೂ ಹೋಗಿ ಬಂದಿದೆ. ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಗೆ ‘ಪುನರ್ವಸು’ ಇದೆ. ವಿಮಾನಗಳ ಓಡುಹಾದಿಯ ಅಡಿಯಲ್ಲಿ ಸೇರಿಹೋದ ಹೊಲಗಳ ಕಥೆಯನ್ನು ಮಾತ್ರ ನಾನು ಇದುವರೆಗೆ ಯಾವ ಕಪಾಟಿನಲ್ಲಿಯೂ ಕಂಡಿಲ್ಲ.

ಈ ಸೀಮೆಯ ನಾಲಗೆಗಾದರೂ ಒಂದು ಕಾದಂಬರಿಯ ಭಾಗ್ಯ ದೊರೆತಿದೆ ಎಂಬುದೇ ಸಮಾಧಾನ. ದೇವನೂರ ಮಹಾದೇವರ ‘ಕುಸುಮಬಾಲೆ’ ಪ್ರಕಟವಾದುದು 1980ರ ದಶಕದಲ್ಲಿ. ಹೊಸತೆನ್ನಲು ನಾಲ್ಕು ದಶಕಗಳು ಅಡ್ಡ ಬರುತ್ತವೆ. ಆದರೂ ನನ್ನ ಪಾಲಿಗೆ ಇದಕ್ಕಿಂತ ಹೊಸತಾದ ಕಾದಂಬರಿ ಇನ್ನೂ ಬಂದಿಲ್ಲ. ಮೇಲುಜಾತಿಯ ಹೆಣ್ಣನ್ನು ಪ್ರೀತಿಸಿದ ತಪ್ಪಿಗೆ ದಲಿತ ತರುಣನೊಬ್ಬ ಕೊಲೆಯಾಗುತ್ತಾನೆ. ಈ ಕಥೆಯಲ್ಲಿ ರಾತ್ರಿ ದೀಪಗಳನ್ನು ಬಿಟ್ಟುಬಂದ ಜೋತಮ್ಮಗಳು ಒಂದೆಡೆ ಕುಳಿತು ಮನೆಮನೆಯ ಸುದ್ದಿಯಾಡುತ್ತವೆ. ಎಲ್ಲವೂ ನಂಜನಗೂಡಿನ ಕಡೆಯ ಆಡುನುಡಿಯಲ್ಲಿ. ಕನ್ನಡದ ಉನ್ನತ ಪದವಿ ಪಡೆದ ನನ್ನ ಮಿತ್ರರೊಬ್ಬರು ಅರ್ಥಕೋಶವಿಲ್ಲದೆ ಇದನ್ನು ಓದಲಾಗದೆಂದು ಕೈಚೆಲ್ಲಿದ್ದರು. ನಮ್ಮ ಬೀದಿಯಲ್ಲಿ ಅಕ್ಷರವರಿಯದ ಅಜ್ಜಿಯೊಬ್ಬರಿದ್ದಾರೆ. ಒಂದು ಸಂಜೆ ಅವರಿಗೆ ಹತ್ತು ಪುಟಗಳನ್ನು ಓದಿ ಹೇಳಿದೆ. ಒಂದು ಮಾತಿಗೂ ಅವರು ಅರ್ಥ ಕೇಳಲಿಲ್ಲ. ಇದನ್ನು ಬರೆದವರು ಯಾವ ಊರಿನ ಕಡೆಯವರು ಎಂದಷ್ಟೇ ವಿಚಾರಿಸಿದರು. ಅವರ ಮೊಮ್ಮಗಳು ಪ್ರೌಢಶಾಲೆಯ ವಿದ್ಯಾರ್ಥಿನಿ. ಮನೆಯ ಮಾತು ತರಗತಿಯಲ್ಲಿ ಬಾಯಿತಪ್ಪಿ ಬಂದೀತೆಂದು ಅಂಜಿ ಮಾತನ್ನೇ ಕಡಮೆ ಮಾಡಿದ್ದ ಹುಡುಗಿ ಅವಳು. ಬಾಗಿಲ ಬಳಿ ನಿಂತು ಕೇಳುತ್ತಿದ್ದವಳು ಮರುದಿನ ಬಂದು ಪುಸ್ತಕವನ್ನು ಓದಲೆಂದು ಒಯ್ದಳು. ಇನ್ನೂ ಹಿಂದಿರುಗಿಸಿಲ್ಲ, ನಾನೂ ಕೇಳಿಲ್ಲ.