ಸರ್ವರ್ ಸಾಗಿತು, ಕನ್ನಡ ಸಾಗಿತಾ?

ನಮ್ಮ ಡಿಪಾರ್ಟ್‌ಮೆಂಟ್ ಲ್ಯಾಬ್‌ನ ಮೂಲೆಯಲ್ಲಿ ಒಂದು ಹಳೇ ಸರ್ವರ್ ಇದೆ. ನಮ್ಮಲ್ಲಿ ಹೆಚ್ಚಿನವರು ಅದನ್ನ ಗಮನಿಸಿರೋದು, ಅದರ ಮೇಲೆ ಬ್ಯಾಗ್ ಇಡೋಕೆ ಹೋಗಿ ಲ್ಯಾಬ್ ಸರ್ ಹತ್ರ ಬೈಸಿಕೊಂಡಾಗ ಮಾತ್ರ. ಆದ್ರೆ ನಮ್ಮ ಕನ್ನಡ ಸಂಘದ ಇಡೀ ಸಂಸಾರ ಇರೋದು ಅದರೊಳಗೇ. ಹಳೇ ಸಂಚಿಕೆಗಳ ಕಥೆ, ಕವನ, ರಾಜ್ಯೋತ್ಸವದ ವರದಿಗಳು, ಸಂಘದ ಕಪಾಟಿನ ಪುಸ್ತಕಗಳ ಪಟ್ಟಿ, ಎಲ್ಲವೂ ಅಲ್ಲಿನ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿವೆ. ಈ ರಜೆಯಲ್ಲಿ ಅದನ್ನ ಕ್ಲೌಡ್‌ಗೆ ಸಾಗಿಸಬೇಕು ಅಂತ ತೀರ್ಮಾನ ಆಗಿದೆ.

ಸಾಗಿಸೋದಕ್ಕೆ ನಮ್ಮ ವಿರೋಧ ಇಲ್ಲ, ಮೊದಲೇ ಹೇಳಿಬಿಡ್ತೀವಿ. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ಕಾಲ ಆಯ್ತು. ಕರೆಂಟ್ ಹೋದಾಗಲೆಲ್ಲ ನಮ್ಮ ವೆಬ್‌ಸೈಟ್ ಕೂಡ ಹೋಗುತ್ತೆ. ಹಾರ್ಡ್ ಡಿಸ್ಕ್ ಯಾವತ್ತು ಕೈ ಕೊಡುತ್ತೋ ಗೊತ್ತಿಲ್ಲ. ಪಾಸ್‌ವರ್ಡ್ ಗೊತ್ತಿರೋದು ಒಬ್ಬರಿಗೆ ಮಾತ್ರ. ಕ್ಲೌಡ್‌ಗೆ ಹೋದ್ರೆ ದಿನಾ ತಾನಾಗೇ ಬ್ಯಾಕಪ್ ಆಗುವ ಹಾಗೆ ಇಡಬಹುದು, ಡಿಸ್ಕ್ ಕೆಟ್ಟರೆ ಸ್ಕ್ರೂ ಡ್ರೈವರ್ ಹಿಡ್ಕೊಂಡು ಓಡಬೇಕಾಗಿಲ್ಲ.

ನಮ್ಮ ತಕರಾರು ಇರೋದು ಒಂದೇ ದಿನದಲ್ಲಿ ಮುಗಿಸುವ ಪ್ಲಾನ್ ಬಗ್ಗೆ. ಬೆಳಿಗ್ಗೆ ಡಂಪ್ ತೆಗಿ, ಮಧ್ಯಾಹ್ನ ಇಂಪೋರ್ಟ್ ಮಾಡು, ಸಂಜೆ ರೋ ಕೌಂಟ್ ತಾಳೆ ನೋಡು, ರಾತ್ರಿ ಹಳೇ ಸರ್ವರ್ ಫಾರ್ಮ್ಯಾಟ್ ಮಾಡು. ಇಷ್ಟೇ ಪ್ಲಾನ್. ಇದು ಯಾಕೆ ಸಾಲದು ಅಂತ ನಮಗೆ ಗೊತ್ತಾಗಿದ್ದು ರಿಹರ್ಸಲ್ ಮಾಡಿದಾಗ.

ಹೋದ ತಿಂಗಳು ಲ್ಯಾಬ್ ಸರ್ ಒಪ್ಪಿಗೆ ತಗೊಂಡು ನಾವು ನಾಲ್ಕು ಜನ ಸೆಕೆಂಡ್ ಇಯರ್‌ನವರು ಒಂದು ಡಂಪ್ ತೆಗೆದು, ಕ್ಲೌಡ್‌ನಲ್ಲಿ ಟೆಸ್ಟ್ ಡೇಟಾಬೇಸ್ ಮಾಡಿ ಅದಕ್ಕೆ ಹಾಕಿದ್ವಿ. ಒಂದೂ ಎರರ್ ಬರಲಿಲ್ಲ. ಎಲ್ಲ ಟೇಬಲ್‌ಗಳ ರೋ ಕೌಂಟ್ ಸರಿಯಾಗಿ ತಾಳೆ ಆಯ್ತು. ತಾರೀಖು, ಯುಎಸ್‌ಎನ್, ಇಂಗ್ಲಿಷ್‌ನಲ್ಲಿದ್ದ ಹೆಸರು ಎಲ್ಲ ಸರಿ ಇತ್ತು. 'ಸಕ್ಸಸ್' ಅಂತ ಗ್ರೂಪ್‌ನಲ್ಲಿ ಮೆಸೇಜ್ ಹಾಕಿ ಕ್ಯಾಂಟೀನ್‌ಗೆ ಹೊರಟಿದ್ವಿ. ಅಷ್ಟರಲ್ಲಿ ನಮ್ಮಲ್ಲೊಬ್ಬಳು ತನ್ನ ಅಕ್ಕನ ಕವನ ಹುಡುಕೋಣ ಅಂತ ಕೂತಳು. ಅಕ್ಕನೂ ಇದೇ ಕಾಲೇಜಿನಲ್ಲಿ ಓದಿ, ಇದೇ ಪತ್ರಿಕೆಗೆ ಬರೆದವರು.

ಕವನ ಸಿಗಲಿಲ್ಲ. ಆ ಜಾಗದಲ್ಲಿ ತಲೆ ಮೇಲೆ ಗೀಟು ಇರೋ ಇಂಗ್ಲಿಷ್ 'ಎ', ಅದರ ಪಕ್ಕ ಮೇಲ್ಗಡೆ ಪುಟ್ಟದಾಗಿ 2 ಇಲ್ಲಾ 3, ಆಮೇಲೆ ಏನೋ ಒಂದು ಚಿಹ್ನೆ. ಮತ್ತೆ ಅದೇ ಎ, ಅದೇ 2. ಸಾಲು ಸಾಲು ಹೀಗೇ. ಬೇರೆ ಕಥೆ ತೆಗೆದ್ವಿ, ಹಾಗೇ ಇತ್ತು. ಕನ್ನಡದಲ್ಲಿ ಬರೆದಿದ್ದೆಲ್ಲ ಹೀಗಾಗಿತ್ತು. ಕನ್ನಡ ಮಾತ್ರ.

ಕಾರಣ ಏನು ಅಂತ ಹುಡುಕೋಕೆ ಎರಡು ಸಂಜೆ ಬೇಕಾಯ್ತು. ಕಣ್ಣಿಗೆ 'ಕನ್ನಡ' ಅನ್ನೋದು ಮೂರೇ ಅಕ್ಷರ. ಯೂನಿಕೋಡ್‌ಗೆ ಅದು ಐದು: ಕ, ನ, ವಿರಾಮ ಚಿಹ್ನೆ, ಇನ್ನೊಂದು ನ, ಡ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್, ಅಂದ್ರೆ ಒಟ್ಟು 15 ಬೈಟ್. ಆದ್ರೆ ನಮ್ಮ ಹಳೇ ಟೇಬಲ್‌ಗಳು ಇರೋದು 'ಲ್ಯಾಟಿನ್1'ನಲ್ಲಿ. ಅದು ಯುರೋಪಿನ ಭಾಷೆಗಳಿಗೆ ಮಾಡಿದ್ದು, ಒಂದು ಅಕ್ಷರಕ್ಕೆ ಒಂದೇ ಬೈಟ್. 2018ರಲ್ಲಿ ಮೈಎಸ್‌ಕ್ಯೂಎಲ್ 8.0 ಬರುವವರೆಗೂ ಡೀಫಾಲ್ಟ್ ಆಗಿ ಇದ್ದದ್ದು ಅದೇ. ಡೀಫಾಲ್ಟ್ ಬದಲಿಸಬೇಕು ಅಂತ ನಮ್ಮ ಸೀನಿಯರ್‌ಗಳಿಗೆ ಹೊಳೆದಿರಲಿಲ್ಲ. ತಪ್ಪು ಅನ್ನೋಕಾಗಲ್ಲ, ನಾವಾಗಿದ್ರೂ ಅದನ್ನೇ ಮಾಡ್ತಿದ್ವಿ.

ಹಾಗಾದ್ರೆ ಇಷ್ಟು ವರ್ಷ ವೆಬ್‌ಸೈಟ್‌ನಲ್ಲಿ ಕನ್ನಡ ಸರಿಯಾಗಿ ಕಾಣ್ತಿದ್ದದ್ದು ಹೇಗೆ? ಮಜಾ ಇರೋದೇ ಇಲ್ಲಿ. ನಮ್ಮ ಸೈಟ್ ಆ 15 ಬೈಟ್‌ಗಳನ್ನ 'ಇವು 15 ಲ್ಯಾಟಿನ್ ಅಕ್ಷರ' ಅಂತ ಸುಳ್ಳು ಹೇಳಿ ಒಳಗೆ ಹಾಕ್ತಿತ್ತು. ತೆಗೆಯುವಾಗಲೂ ಅದೇ ಸುಳ್ಳು ಹೇಳಿ ತೆಗೀತಿತ್ತು. ಹೋಗುವಾಗಿನ ತಪ್ಪನ್ನ ಬರುವಾಗಿನ ತಪ್ಪು ಸರಿ ಮಾಡ್ತಿತ್ತು. ಡಂಪ್ ತೆಗೆಯುವ ಟೂಲ್‌ಗೆ ಈ ಒಳಒಪ್ಪಂದ ಗೊತ್ತಿಲ್ಲ. ಅದು ಆ 15ನ್ನೂ ನಿಜವಾದ ಲ್ಯಾಟಿನ್ ಅಕ್ಷರ ಅಂತಲೇ ನಂಬಿ, ಒಂದೊಂದನ್ನೂ ಪ್ರಾಮಾಣಿಕವಾಗಿ ಯುಟಿಎಫ್-8ಗೆ ಬದಲಿಸಿಬಿಡ್ತು.

ಇನ್ನೊಂದು ಹಳೇ ಒಗಟೂ ಆಗಲೇ ಬಿಡಿಸ್ತು. ಕೆಲವು ಬರಹಗಳ ಶೀರ್ಷಿಕೆ ಅರ್ಧಕ್ಕೇ ಕತ್ತರಿಸಿ ಹೋಗಿರೋದನ್ನ ನೀವೂ ನೋಡಿರ್ತೀರಿ. ಶೀರ್ಷಿಕೆಗೆ 100 ಅಕ್ಷರದ ಜಾಗ ಇಟ್ಟಿದ್ರು. ಲ್ಯಾಟಿನ್1ರ ಲೆಕ್ಕದಲ್ಲಿ ಅದು 100 ಬೈಟ್. ಕೊಂಬು, ದೀರ್ಘ, ಒತ್ತು ಎಲ್ಲ ಸೇರಿ ಕನ್ನಡಕ್ಕೆ ಸಿಕ್ಕಿದ್ದು 33 ಚಿಹ್ನೆ ಮಾತ್ರ. ಉಳಿದಿದ್ದನ್ನ ಸರ್ವರ್ ಸದ್ದಿಲ್ಲದೆ ಕತ್ತರಿಸಿ ಹಾಕಿತ್ತು. ಅದು ಇನ್ನು ವಾಪಸ್ ಬರಲ್ಲ. ಆ ಶೀರ್ಷಿಕೆಗಳನ್ನ ಬರೆದವರನ್ನೇ ಕೇಳಿ ತುಂಬಬೇಕು.

'ಎ-2-3' ಕಾಟಕ್ಕೆ ಪರಿಹಾರ ಇದೆ. ಡಂಪ್ ತೆಗೆಯುವಾಗ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಅಂತಲೇ ಹೇಳಿದ್ರೆ ಬೈಟ್‌ಗಳು ಹೇಗಿದ್ದವೋ ಹಾಗೇ ಹೊರಗೆ ಬರ್ತವೆ. ಆಮೇಲೆ ಆ ಫೈಲ್‌ನಲ್ಲಿ ಲ್ಯಾಟಿನ್1 ಅಂತ ಇರೋ ಕಡೆಯೆಲ್ಲ 'ಯುಟಿಎಫ್8ಎಂಬಿ4' ಅಂತ ಬದಲಿಸಿ ಇಂಪೋರ್ಟ್ ಮಾಡಬೇಕು. ಎರಡನೇ ಸಲ ಹಾಗೆ ಮಾಡಿದಾಗ ಅಕ್ಕನ ಕವನ ಬಂತು. ನಮ್ಮ ಗೆಳತಿ ಅದನ್ನ ಲ್ಯಾಬ್‌ನಲ್ಲೇ ಜೋರಾಗಿ ಓದಿದಳು.

'ಫಿಕ್ಸ್ ಗೊತ್ತಾಯ್ತಲ್ಲ, ಇನ್ನೇನು ತಲೆನೋವು?' ಅಂತ ಒಬ್ಬ ಸೀನಿಯರ್ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಆದ್ರೆ ಫಿಕ್ಸ್ ಸಿಕ್ಕಿದ್ದು ಯಾರೋ ಒಬ್ಬಳು ಕನ್ನಡ ಓದೋಕೆ ಕೂತಿದ್ದರಿಂದ. ನಾವು ನಾಲ್ವರೂ ಇಂಗ್ಲಿಷ್ ಮೀಡಿಯಂನವರು. ಪರದೆ ಮೇಲೆ ಕನ್ನಡ ಕಂಡ್ರೆ ಕಣ್ಣು ತಾನಾಗೇ ಇಂಗ್ಲಿಷ್ ಕಾಲಂಗೆ ಜಾರುತ್ತೆ. ನಾಚಿಕೆಯ ವಿಷಯ, ಆದ್ರೆ ನಿಜ. ಆವತ್ತು ಅವಳು ಕೂರದೇ ಇದ್ದಿದ್ರೆ ನಮ್ಮ ರಿಪೋರ್ಟ್‌ನಲ್ಲಿ 'ಎಲ್ಲ ಸರಿ ಇದೆ' ಅಂತ ಇರ್ತಿತ್ತು, ಹಳೇ ಸರ್ವರ್ ಫಾರ್ಮ್ಯಾಟ್ ಆಗ್ತಿತ್ತು.

ಇನ್ನೊಂದು ಮಾತು. ನಮ್ಮ ಅದೃಷ್ಟಕ್ಕೆ ಬಂದದ್ದು ವಾಪಸ್ ತಿರುಗಿಸಬಹುದಾದ ಗಲೀಜು. ಸೆಟ್ಟಿಂಗ್ ಸ್ವಲ್ಪ ಬೇರೆ ಥರ ತಪ್ಪಿದ್ರೆ ಪ್ರತಿ ಅಕ್ಷರದ ಜಾಗದಲ್ಲೂ ಬರೀ ಪ್ರಶ್ನಾರ್ಥಕ ಚಿಹ್ನೆ ಕೂರುತ್ತೆ. ಆಮೇಲೆ ಯಾವ ಟೂಲ್ ತಂದ್ರೂ ಅದರಿಂದ ಕನ್ನಡ ತೆಗೆಯೋಕಾಗಲ್ಲ. ಆಗ ಗತಿ ಹಳೇ ಕಾಪಿ ಒಂದೇ.

ಬ್ಯಾಕಪ್ ಇದೆ ಅಂತ ನಂಬಿ ಕೂತು ಪೆಟ್ಟು ತಿಂದ ದೊಡ್ಡವರೂ ಇದ್ದಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನ ಡೇಟಾ ಅಳಿಸಿಬಿಟ್ರು. ಬ್ಯಾಕಪ್ ಹುಡುಕಿದ್ರೆ, ದಿನಾ ಆಗ್ತಿದೆ ಅಂದುಕೊಂಡಿದ್ದ ಡಂಪ್‌ಗಳು ಆಗ್ತಾನೇ ಇರಲಿಲ್ಲ. ಟೂಲ್‌ನ ವರ್ಷನ್ ಬೇರೆ, ಡೇಟಾಬೇಸ್‌ನ ವರ್ಷನ್ ಬೇರೆ ಆಗಿತ್ತು. ಸುಮಾರು 6 ಗಂಟೆಯಷ್ಟು ಹಿಂದಿನ ಒಂದು ಕಾಪಿ ಇದ್ದದ್ದರಿಂದ ಬಚಾವಾದ್ರು. ಇನ್ನು ಕ್ಲೌಡ್ ಅಂದ್ರೆ ಆಕಾಶದಲ್ಲಿ ಇರೋದೂ ಅಲ್ಲ. 2021ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟು ಹೋಯ್ತು. ಬೇರೆ ಕಡೆ ಕಾಪಿ ಇಡದವರು ಡೇಟಾ ಕಳ್ಕೊಂಡ್ರು.

ಆದ್ದರಿಂದ ನಮ್ಮ ಕೋರಿಕೆ ಇಷ್ಟು.

ಒಂದು, ಹಳೇ ಸರ್ವರ್ ಮುಂದಿನ ಸೆಮಿಸ್ಟರ್‌ನ ಮೊದಲ ಇಂಟರ್ನಲ್ಸ್ ಮುಗಿಯುವವರೆಗೂ ಇರಲಿ. ಅದಕ್ಕೆ ಹೊಸದಾಗಿ ಏನೂ ಬರೆಯೋದು ಬೇಡ, ಓದೋಕೆ ಮಾತ್ರ.

ಎರಡು, ಕ್ಲೌಡ್‌ಗೆ ಹೋದ ಮೇಲೆ ಅಲ್ಲಿನ ಬ್ಯಾಕಪ್‌ನಿಂದ ಒಂದು ಸಲ ಪೂರ್ತಿ ರೀಸ್ಟೋರ್ ಮಾಡಿ ನೋಡೋಣ. ತಿಂಗಳಿಗೊಂದು ಡಂಪ್ ಕಾಲೇಜಿನಲ್ಲೂ ಇರಲಿ. ಆದ್ರೆ ಅದರಲ್ಲಿ ಸದಸ್ಯರ ಫೋನ್ ನಂಬರ್ ಇವೆ, ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳೋದು ಬೇಡ.

ಮೂರು, ಅಕೌಂಟ್ ಡಿಪಾರ್ಟ್‌ಮೆಂಟ್ ಇಮೇಲ್‌ನಲ್ಲಿ ಇರಲಿ. ಫೈನಲ್ ಇಯರ್ ಅಣ್ಣನ ಕಾರ್ಡ್ ಹಾಕಿದ್ರೆ, ಅವರು ಕೆಲಸಕ್ಕೆ ಸೇರಿ ಕಾರ್ಡ್ ಬದಲಿಸಿದ ತಿಂಗಳು ನಮ್ಮ ಪತ್ರಿಕೆ ಮಾಯ. ಹಳೇ ಸರ್ವರ್ ಕೆಟ್ಟರೆ ಕಣ್ಣಿಗೆ ಕಾಣುತ್ತೆ, ಬಾಕಿ ಉಳಿದ ಬಿಲ್ ಕಾಣಲ್ಲ.

ನಾಲ್ಕು, ಇದು ನಮ್ಮೆಲ್ಲರ ಕೆಲಸ. ರೋ ಕೌಂಟ್ ಯಂತ್ರ ನೋಡುತ್ತೆ, ಕನ್ನಡ ಸರಿ ಇದೆಯಾ ಅಂತ ಕನ್ನಡ ಓದುವವರೇ ನೋಡಬೇಕು. ಎಸ್‌ಕ್ಯೂಎಲ್ ಬರಬೇಕಾಗಿಲ್ಲ. ಮೆಕ್ಯಾನಿಕಲ್, ಸಿವಿಲ್ ಯಾರಾದ್ರೂ ಆಗಬಹುದು. ಹಳೇ ಪರದೆ ಒಂದು ಕಡೆ, ಹೊಸ ಪರದೆ ಇನ್ನೊಂದು ಕಡೆ ಇಟ್ಟುಕೊಂಡು ಒಬ್ಬೊಬ್ಬರು ಒಂದೊಂದು ವರ್ಷದ ಸಂಚಿಕೆ ಓದಿದ್ರೆ ಸಾಕು.

ಹತ್ತು ಜನ ಬೇಕು. ರಜೆ ಶುರುವಾದ ಮೊದಲ ಶನಿವಾರ ಊಟ ಆದ ಮೇಲೆ ಲ್ಯಾಬ್‌ಗೆ ಬನ್ನಿ. ಸರ್ವರ್ ಮೇಲೆ ಮಾತ್ರ ಬ್ಯಾಗ್ ಇಡಬೇಡಿ.